ಕೂದಲೆಳೆಯಷ್ಟು ಈಚೆ

ಕ್ಯಾಂಪಿನ ಮೈದಾನದ ಹುಲ್ಲಿನಲ್ಲಿ ಒಂದು ಸುಟ್ಟ ಗೆರೆ,
ಗಾಡಿ ಹೋದಲ್ಲೆಲ್ಲ ಅದೂ ಹೋಗಿತ್ತು.
ಟೆಂಪೋ ಏರಿ ಉದ್ಯಮಬಾಗಿಗೆ ಬಂತು
ಹುಲ್ಲು ಕತ್ತರಿಸುವ ಕೆಂಪು ಗಾಡಿ.

ಗಜಬರ ಮಾಮಾ ಬೆರಳದ್ದಿ ಮೂಸಿದ:
‘ಗೇರ್ ಎಣ್ಣಿ. ಸೀಲ್ ಹೋಗೇತಿ.’

ಗಾಲಿ ಬಿಚ್ಚುವಾಗ ಲಾಕ್ ಸಿಡಿದು ಎಲ್ಲೋ ಹಾರಿ
ಅರ್ಧ ತಾಸು ಅದನ್ನೇ ಹುಡುಕಿದೆ, ಬೈಸಿಕೊಂಡು.
ಆಮೇಲೆ ಮೀಟಿದರೆ ಎದ್ದು ಬಂತು ಹಳೆ ಸೀಲು,
ಕೂಸಿನ ಬಳೆಯಷ್ಟಗಲ,
ಕಟಕ ರೊಟ್ಟಿಯ ಅಂಚಿನಂತೆ ಪೆಡಸು.

‘ಇಲ್ಲಿ ನೋಡ.’
ನನ್ನ ಬೆರಳು ಹಿಡಿದು ಶಾಫ್ಟಿನ ಮೇಲೆ ಎಳೆದ.
ಉಗುರು ಸಿಕ್ಕಿಬಿತ್ತು
ಕಣ್ಣಿಗೆ ಕಾಣದ ಕಾಲುವೆಯಲ್ಲಿ.
ಉಕ್ಕು ಅದು. ಕೊರೆದದ್ದು ರಬ್ಬರು,
ಹನ್ನೊಂದು ವರ್ಷ ಬರೀ ತಾಗಿಕೊಂಡು ಕೂತು.

‘ಹಂಗಾರ ಶಾಫ್ಟೂ ಹೊಸಾದು?’
‘ಯಾಕ? ಸೀಲ್ ಕೂದಲೆಳಿಯಷ್ಟ ಈಚೆ ಕೂಡಸು.
ಸವದ ಜಾಗಾ ಬಿಟ್ಟ ಕೂತ್ರ ಆತು.’

ಹಾಲಿನ ಪ್ಯಾಕೀಟು ಕತ್ತರಿಸಿ ಶಾಫ್ಟಿನ ಹಲ್ಲಿಗೆ ಸುತ್ತಿ
ಎಣ್ಣೆ ಸವರಿ ಜಾರಿಸಿದೆ.
ಪೈಪಿನ ತುಂಡಿಟ್ಟು ಸುತ್ತಿಗೆಯಿಂದ ಟಕ್, ಟಕ್,
‘ಸಾಕ್ ಸಾಕ್!’

ರಾತ್ರಿ ಗಾಡಿಯಡಿ ರಟ್ಟು ಹಾಸಿ ಹೋದೆವು.
ಬೆಳಿಗ್ಗೆ ಶಟರ್ ಅರ್ಧ ಎತ್ತಿ ಬಗ್ಗಿ ನೋಡಿದೆ:
ರಟ್ಟಿನ ಮೇಲೆ ಒಂದು ಇರುವೆ,
ಏನೂ ಅಂಟದ ಕಾಲಲ್ಲಿ
ಈ ತುದಿಯಿಂದ ಆ ತುದಿಗೆ.