ನೀರುಗಂಟಿಯ ಮಗಳು

ಅಗಸ್ತ್ಯ ನಕ್ಷತ್ರ ಚೌಕಟ್ಟಿನೊಳಗೆ ಬಂದದ್ದೇ ತಪ್ಪಾಯಿತು.
ಹತ್ತು ನಿಮಿಷ ಕಣ್ಣು ತೆರೆದಿಟ್ಟರೆ
ಕಡಲು ಕುಡಿದವನು ಕಡಲನ್ನೇ ಕಕ್ಕುತ್ತಾನೆ:
ಚಿತ್ರದ ಮೇಲಿಂದ ಕೆಳತನಕ ಒಂದು ಬಿಳಿ ಗೀಟು,
ಬಡಗಿ ಸುಣ್ಣದ ದಾರ ಎಳೆದು ಬಿಟ್ಟ ಹಾಗೆ.

ಲೈಡನ್ನಿನಿಂದ ಬಂದ ಹುಡುಗ ಯೋಸ್ಟ್ ಹಣೆ ಚಚ್ಚಿಕೊಂಡ.
ಅವನ ಮಸುಕು ಗೆಲಾಕ್ಸಿ ಆ ಗೀಟಿನಡಿ ಎಲ್ಲೋ ಹೂತಿದೆ.
"ಕ್ಯಾಮೆರಾ ಕೆಟ್ಟಿದೆ."
ದ್ರವ ಸಾರಜನಕ ತುಂಬಿ ಬಂದ ಎವರಿಸ್ತಾ ಅಯಾವಿರೆ
ಕೈಗವಸು ಕಳಚುತ್ತ ಹೇಳಿದಳು:
"ಕೆಟ್ಟಿಲ್ಲ. ಕೋಡಿ ಬಿದ್ದಿದೆ."

ಅವಳಪ್ಪ ಕೆಳಗೆ ತೊಕೊನಾವೊದಲ್ಲಿ ನೀರುಗಂಟಿ.
ಅಟಕಾಮಾದ ಆ ಬೋಳು ನೆಲದಲ್ಲಿ ಒಂದೇ ಸೀಳು ಹಸಿರು,
ಒಂದೇ ತೊರೆ, ಮನೆಗೆ ಅರ್ಧ ಗಂಟೆ ಸರದಿ.
ಸಲಿಕೆಯಲ್ಲಿ ಮಣ್ಣು ಸರಿಸಿ ಒಬ್ಬರ ಅಂಜೂರಕ್ಕೆ ಬಿಡುವುದು,
ಮಣ್ಣು ಮುಚ್ಚಿ ಇನ್ನೊಬ್ಬರ ದಾಳಿಂಬೆಗೆ.
ಅವಳಿಗೆ ಚಿಪ್ ತಿಳಿದದ್ದು ಪುಸ್ತಕದಿಂದಲ್ಲ.
ನಾಲ್ಕು ಸಾವಿರ ಸಾಲು, ಸಾಲಿಗೆ ನಾಲ್ಕು ಸಾವಿರ ಮಡಿ,
ಮಡಿಗೆ ಹಿಡಿಸುವುದು ಒಂದು ಲಕ್ಷ ಎಲೆಕ್ಟ್ರಾನು.
ಸಾಲು ಸಾಲಿನ ನಡುವೆ ಬದು ಕಲ್ಲಿನಷ್ಟು ಗಟ್ಟಿ.
ಒಂದೇ ಸಾಲಿನ ಮಡಿಗಳ ನಡುವೆ ಮಾತ್ರ ಮೆದು ಕಟ್ಟೆ,
ಯಾಕೆಂದರೆ ಕೊನೆಗೆ ಒಂದನ್ನೊಂದಕ್ಕೆ ಸುರಿಯುತ್ತ
ತಳದ ತೂಬಿನ ಬಳಿ ಎಣಿಸಬೇಕಲ್ಲ.
ಉಕ್ಕಿದ್ದು ಅದಕ್ಕೇ ಪಕ್ಕಕ್ಕೆ ಹೋಗದು;
ಮೇಲಿನವನ ಪಾಲಿಗೆ, ಕೆಳಗಿನವನ ಪಾಲಿಗೆ.
ಊರಲ್ಲಾದರೆ ಇಷ್ಟಕ್ಕೇ ಸಲಿಕೆ ಎತ್ತುತ್ತಾರೆ.

ಗುರುವಾರ ಲಾಸ್ಕರ್ ಬೆಟ್ಟದಾಚೆ ಆಕಾಶ ಹರಿಯಿತು.
ಫೆಬ್ರವರಿಯ ಮಳೆ; ವರ್ಷವೆಲ್ಲ ಬಾರದೆ ಬಂದರೆ ಹೀಗೆಯೇ.
ರಸ್ತೆ ಕೊಚ್ಚಿತು. ಸಾರಜನಕದ ಲಾರಿ ಕಲಾಮಾದಲ್ಲೇ ನಿಂತಿತು.
ಗುಮ್ಮಟ ಮುಚ್ಚಿ ಯೋಸ್ಟ್ ಮಲಗಿದ.

ಸೀಸೆಯಲ್ಲಿದ್ದ ಕೊನೆಯ ತಣ್ಣಗೆ ಹೊಗೆಯಾಗಿ ಹೋಯಿತು.
ಮೈನಸ್ ನೂರಾ ಹತ್ತು. ನೂರು. ಎಂಬತ್ತು.
ಎವರಿಸ್ತಾ ರೆಪ್ಪೆ ಮುಚ್ಚಿಯೇ ಚಿತ್ರ ತೆಗೆಯತೊಡಗಿದಳು,
ಹತ್ತು ಹತ್ತು ನಿಮಿಷದ ಕತ್ತಲು.
ದಿನಾ ತೆಗೆಯುವಂಥದ್ದೇ; ನಿಜದ ಚಿತ್ರದಿಂದ
ಕತ್ತಲಿನ ಪಾಲು ಕಳೆಯಬೇಕು.
ಇವತ್ತು ಕಳೆಯಲು ಯಾವ ಚಿತ್ರವೂ ಇರಲಿಲ್ಲ.
ಯಾರೂ ಕೇಳಿರಲಿಲ್ಲ.

ಮೊದಲದ್ದು ಬರಿ ಕಪ್ಪು.
ಆಮೇಲೆ ಒಂದು ಚುಕ್ಕಿ: ಅದು ಹಳೆ ಪರಿಚಯ,
ಎಲ್ಲರಿಗಿಂತ ಮೊದಲು ಸಿಡಿಯುವ ಮಡಿ,
ಸೋದರತ್ತೆ ಫಿದೆಲಾಳ ಹೆಸರು ಇಟ್ಟಿದ್ದಳು ಅದಕ್ಕೆ.
ಏಳು ಡಿಗ್ರಿ ಏರಿದರೆ ಇಮ್ಮಡಿ,
ಇನ್ನೇಳಕ್ಕೆ ಅದರ ಇಮ್ಮಡಿ.
ನಡುರಾತ್ರಿಗೆ ತೆರೆಯ ತುಂಬ ಆಕಾಶ,
ಯಾವ ನಕಾಶೆಯಲ್ಲೂ ಇರದ ಆಕಾಶ.
ಬೆಳಕಿಲ್ಲ, ಬರೀ ಬಿಸಿ.
ಸಿಲಿಕಾನು ತನ್ನ ಮೈನಡುಕವನ್ನೇ
ತಾರೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಿತ್ತು.
ಎಣಿಸುವ ತೂಬಿಗೇನು ಗೊತ್ತು?
ಎಲೆಕ್ಟ್ರಾನಿಗೆ ಊರಿನ ಹೆಸರಿಲ್ಲ:
ಅಗಸ್ತ್ಯನ ಮನೆಯಿಂದ ಬಂದದ್ದೋ
ಇಲ್ಲೇ ಬೆವೆತದ್ದೋ.

ಮೂರೂವರೆಗೆ ಫೋನು. ಅಪ್ಪನ ದನಿಯ ಹಿಂದೆ ನೀರಿನ ದನಿ.
ಎಪ್ಪತ್ತೊಂಬತ್ತರಲ್ಲಿ ಮೊಳಕಾಲುದ್ದ ಕೆಸರಲ್ಲಿ ನಿಂತಿದ್ದಾನೆ.
"ತೊರೆ ಉಕ್ಕಿತು. ಒಂದು ಕಡೆ ಒಡೆಯಲೇಬೇಕಿತ್ತು."
"ಯಾರ ಮಡಿಗೆ ಬಿಟ್ಟೆ?"
"ನಮ್ಮದಕ್ಕೆ. ಇನ್ಯಾರದಕ್ಕೆ ಬಿಡಲಿ?"

ಅಲ್ಲಿ ಅಮ್ಮ ನೆಟ್ಟ ಸೀಬೆಯಂಥ ಹುಳಿಹಣ್ಣಿನ ಮರ, ಒಂದೇ.
ಅದರ ಮಾತು ಅವಳೂ ಎತ್ತಲಿಲ್ಲ, ಅವನೂ.

"ಮೇಲೆ ಏನು ಕಾಣುತ್ತಿದೆ?"
"ಏನಿಲ್ಲ. ಬಾಗಿಲು ಹಾಕಿಕೊಂಡು ಚಿತ್ರ ತೆಗೀತಿದ್ದೇನೆ."
ನಗುತ್ತಾನೇನೋ ಅಂದುಕೊಂಡಳು.
"ಏನು ಬಂತು ಅದರಲ್ಲಿ?"

ಮೈನಸ್ ಹತ್ತು. ತೆರೆ ಪೂರ್ತಿ ಬಿಳಿ,
ಒಂದೊಂದು ಮಡಿಯೂ ಲಕ್ಷದ ಅಂಚಿನಲ್ಲಿ.

"ತುಂಬಿದೆ, ಅಪ್ಪ."

"ಹಾಗಾದರೆ ನನ್ನ ಜೊತೆ ಮಾತೇನು? ತೂಬು ತೆಗಿ."

ಗುಂಡಿ ಒತ್ತಿದಳು.
ತಳದ ಮಡಿಯಿಂದ ಮೊದಲುಗೊಂಡು, ಒಂದರ ಹಿಂದೊಂದು,
ಬಿಳಿ ಇಳಿಯತೊಡಗಿತು.