ಪಾಯ ಇಲ್ಲದ ಗ್ವಾಡಿ

ಮನಿ ನೋಡ್ಲಿಕ್ಕ ಬಂದವರನ್ನ
ದಲಾಲ ಮೈನೋದ್ದೀನ ಮೊದಲ ನನ್ನ ಕಟ್ಟಿಗಿ ಕಳಸ್ತಾನ.
ಕೀಲಿಕೈ ನನ್ನ ಹತ್ರ ಅವ, ಎರಡು.
ಒಂದಕ್ಕ ಕೆಂಪು ದಾರ, ಒಂದಕ್ಕ ಬರೇ ಗಂಟು.
ಶಹಾಬಾದಿನ ಬಿಸಲಾಗ ಬೆವರು ಒರಸ್ಕೋತ ಕೇಳ್ತಾರ:
‘ಮನಿ ಒಂದಲ್ಲೇನ್ರಿ ಗೌಂಡಿ?’
ಒಂದೇ ಅದರಿ. ಬರ್ರಿ, ಒಳಗ ಥಂಡಿ ಅದ.

ಸೇಡಂ ಕಡೀ ಮಾಸ್ತರ ಅಡಗಿಮನ್ಯಾಗ ನಿಂತು
ನೀರು ಎಲ್ಲದ ಅಂದ್ರು. ಬಾವಿ ಆ ಕಡಿ.
ರೈಲ್ವೆ ಗಾರ್ಡನ ಹೆಂಡತಿ ಬಚ್ಚಲ ಕೇಳಿದ್ಳು.
ಅದೂ ಆ ಕಡಿ; ಹೊರಗ ಬಂದು, ಗಿರಣಿ ಸುತ್ತ ಹಾಕಿ,
ಎರಡನೇ ಬಾಗಲಿಂದ ಹೋಗಬೇಕು.
ಆಕಿ ಹೆಜ್ಜಿ ಎಣಿಸಿದ್ಳು. ಅರವತ್ತೊಂದು.
‘ರಾತ್ರಿ ಬಂದ್ರ?’ ಅಂದ್ಳು, ಗಂಡನ ಮಾರಿ ನೋಡಿದ್ಳು, ಹೋದ್ಳು.
ಇನ್ನೊಬ್ಬಾಂವ ವಾಸ್ತು ನೋಡಾಂವನ್ನ ಕರಕೊಂಡು ಬಂದಿದ್ದ.
ದಕ್ಷಿಣಕ್ಕ ಬಾಗಲ ಅಂತ ಅಂವ ನಾಲಗಿ ಕಚ್ಚಿಕೊಂಡ.
ದಿಕ್ಕಿಂದೇನ್ ತಪ್ಪು? ಅದು ಇದ್ದಲ್ಲೇ ಅದ.
ನನ್ನ ಚಹಾ ಕುಡದು ಇಬ್ಬರೂ ಉತ್ತರಕ್ಕ ಹೋದ್ರು.

ಮೈನೋದ್ದೀನ ಖಣಿಗಿ ಬೈತಾನ:
ಮಧ್ಯಾಹ್ನ ಧಡ್ ಅಂತದ, ಗಿರಾಕಿ ಓಡ್ತಾರ ಅಂತ.
ನಾ ಸುಮ್ಮನಿರ್ತೀನಿ.
ಗ್ವಾಡಿ ಕಟ್ಟಿದಾಂವ ನಾ.

ಇಪ್ಪತ್ತೆರಡು ವರ್ಷ ಆತು.
ಫರಸಿ ಪಾಲಿಶ್ ಮಷೀನು ಯಾರದು ಅಂಬೋ ಮಾತಿಗಿ
ಮಲ್ಕಣ್ಣ, ಸಾಯಿಬಣ್ಣ ಬ್ಯಾರೆ ಆದ್ರು.
ಮಷೀನು ಗಿರಣಿ ಹಿಂದ ಇನ್ನಾ ತುಕ್ಕು ಹಿಡೀತದ,
ಅದನ್ನ ಯಾರೂ ಒಯ್ದಿಲ್ಲ.
‘ಸಂಜಿ ಅನ್ನೋದ್ರಾಗ ಆಗಬೇಕು ಲಾಲಸಾಬ್’ ಅಂದ್ರು.
ಪಾಯ ತಗೀಲಿಕ್ಕ ಎರಡು ದಿನ ಬೇಕು ಅಂದೆ.
ಬ್ಯಾಡ, ಫರಸಿ ಮ್ಯಾಲೇ ಏರಸು.
ಲೈನ್‌ದಾರದ ಒಂದು ತುದಿ ಅಣ್ಣ ಹಿಡದ, ಒಂದು ತಮ್ಮ.
ಅಷ್ಟು ಬಿಗಿಯಾಗಿ, ಅಷ್ಟು ನೆಟ್ಟಗ
ಇಬ್ಬರೂ ಕೂಡಿ ಬ್ಯಾರೆ ಏನೂ ಹಿಡದಿದ್ದು ನಾ ನೋಡಿಲ್ಲ.

ಪಡಸಾಲಿ ಎರಡಾತು.
ತೊಟ್ಟಿಲ ಕೊಂಡಿ ಈ ಕಡಿ ಒಂದು, ಆ ಕಡಿ ಒಂದು.
ದೀಪ ಸಾಯಿಬಣ್ಣನ ಪಾಲಿಗಿ ಹೋತು,
ಬಟನ್ನು ಮಲ್ಕಣ್ಣಗ ಉಳೀತು.
ಮೊದಮೊದಲ ಗ್ವಾಡಿ ಬಡದು ‘ಹಚ್ಚೋ’ ಅಂತಿದ್ನಂತ ತಮ್ಮ.
ಅಣ್ಣ ಹಚ್ಚತಿದ್ದ.
ಆರಸ್ತಿದ್ದಿಲ್ಲ.

ಈ ವರ್ಷ ಇಬ್ಬರೂ ಕೂಡಿ ಬಂದ್ರು, ಒಂದೇ ಆಟೋದಾಗ.
ತೊಗರಿ ವ್ಯಾಪಾರಿ ಒಬ್ಬ ಒಪ್ಪ್ಯಾನ,
ನಡುವಿನ ಗ್ವಾಡಿ ತಗದ್ರ ಇಸಾರ ಕೊಡ್ತಾನ.
‘ನೀನೇ ಕಟ್ಟಿದ್ದು, ನೀನೇ ಕೆಡವು.’
ಏಣಿ ಹಚ್ಚಿ ಮ್ಯಾಲಿನ ಗಿಲಾವ ಕೆತ್ತಿದೆ.

ಕೆತ್ತಿ, ಸುತ್ತಿಗಿ ಹೆಗಲ ಮ್ಯಾಲ ಇಟಗೊಂಡು ನಿಂತೆ.
ನಡುತೊಲಿ ಗೆದ್ದಲ ತಿಂದು ಜೊಳ್ಳಾಗಿತ್ತು,
ನಾಕ ಬೆರಳು ಕೆಳಗ ಇಳದಿತ್ತು.
ಮಾಳಿಗಿ ಫರಸಿ ಅಷ್ಟೂ, ಅದರ ಮ್ಯಾಲಿನ ಮಣ್ಣು ಅಷ್ಟೂ
ನನ್ನ ಒಂಬತ್ತಿಂಚಿನ ಮ್ಯಾಲ ಕುಂತಿತ್ತು.
ಪಾಯ ಇಲ್ಲ ಅದಕ್ಕ, ನಾ ಬಲ್ಲೆ.
ಹೆಂಗ ಹೊತ್ತದ, ಅದು ನಾ ಅರಿಯೆ.

ಗರ್ಡರ್ ಕೊಡಬೇಕು ಅಂದೆ, ಎಂಬತ್ತು ಸಾವಿರ.
ಯಾರು ಹಾಕಬೇಕು ಅನ್ನೋದಕ್ಕ
ಗಲ್ಲಿ ದಾಟೋದ್ರಾಗ ಮತ್ತ ಮಾತು ಬಿಟ್ರು.
ಹೋಗುವಾಗ ಎರಡು ಆಟೋ.

ಕರೆಂಟ್ ಬಿಲ್ಲೊಂದು ಮಾತ್ರ ಇನ್ನಾ ಅರ್ಧರ್ಧ ಕಟ್ತಾರ.
ಸಂಜಿ ಮುಂದ ಯಾರರ ಬಂದ್ರ
ಕೆಂಪು ದಾರದ ಕೀಲಿ ಕೊಟ್ಟು ನಾ ಗಲ್ಲ್ಯಾಗ ನಿಲ್ತೀನಿ.
ಒಳಗ ಕತ್ತಲ. ಬಟನ್ ಒತ್ತತಾರ.
‘ಏನೂ ಹತ್ತಲ್ರಿ ಗೌಂಡಿ’ ಅಂತ ಒದರ್ತಾರ.
ಆ ಕಡೀ ಖಿಡಕಿ, ನನ್ನ ಕಣ್ಣಿಗಷ್ಟೇ, ಬೆಳ್ಳಗಾಗತದ.

ಇನ್ನೊಮ್ಮಿ ಒತ್ತರಿ, ಅಂತೀನಿ.
ಆರತದ.