ಹಿಂದಿನದು

"ಪಿನ್ನು ಇಳಿದಾಗ ಠಣ್ ಅನಬೇಕು.
ಬರೇ ಟಕ್ ಅಂದರ ಅರ್ಧ ಕುಂತೈತಿ ಅಂತ ತಿಳಿ"
ಅಂದ ರಾಜೇಸಾಬ.
ಕಣ್ಣಿಗೆ ಪರದೆ ಬಂದು ಎರಡು ವರ್ಷ,
ಕಿವಿ ಇನ್ನೂ ಡ್ಯೂಟಿ ಮ್ಯಾಲೈತಿ.

ಮುಂಡರಗಿ ಹೊರಗ, ಮುಚ್ಚಿದ ಹತ್ತಿ ಜಿನ್ನಿನ ಬಯಲಾಗ
ಆರು ಮುಂಜಾನಿ ಹಿಂದಕ ಹೋಗೂದ ಕಲತೆ.
ಎಡಕ್ಕ ಹೊರಳಿಸಿದರ ಅದು ಬಲಕ್ಕ ಹೊಂಡತೈತಿ.
ಎರಡನೇ ದಿನ ಜಾಲಿಗಿಡಕ್ಕ ಗುದ್ದಿದೆ,
ಮೂರನೇ ದಿನ ಅದೇ ಜಾಲಿಗಿಡಕ್ಕ.
"ಎಳದರ ಬರತೈತಿ, ದಬ್ಬಿದರ ವಾದ ಹಾಕತೈತಿ.
ಮಡಚಾಕ ಹತ್ತಿತಂದರ ಹಠ ಹಿಡೀಬ್ಯಾಡ,
ಮುಂದಕ ಹೋಗು, ನೆಟ್ಟಗ ಮಾಡು, ಮತ್ತ ಬಾ.
ನೋಡಾಂವ ನಗಲಿ. ಅಂವಗ ಬ್ಯಾರೆ ಕೆಲಸಿಲ್ಲ."

ನಮ್ಮದು ಪೆಂಡಾಲಿನ ಸಾಮಾನು, ಎರಡು ಗಾಲಿ ಟ್ರೇಲರ್.
ಮುನ್ನೂರು ಕುರ್ಚಿ, ಎಂಟು ಹಂಡೆ, ಕಬ್ಬಿಣದ ಕಂಬ,
ಬಣ್ಣ ಹೋದ ಒಂದು ಜೋಡಿ ಸಿಂಹಾಸನ.
ಮೊದಲು ಹಂಡೆ ಎಲ್ಲಾ ಹಿಂದ ಪೇರಿಸಿದ್ದೆ,
ಇಳಿಸಾಕ ಸಸಾರ ಅಂತ.
ಊರು ದಾಟೂದರಾಗ ಟ್ರೇಲರ್ ಮೂಗು ಎತ್ತಿ
ಎಮ್ಮಿ ಬಾಲದಂಗ ಓಲಾಡಾಕ ಹತ್ತಿತು.
ಈಗ ಹಂಡೆ ಮುಂದ, ಕುರ್ಚಿ ಹಿಂದ,
ಹೊರಗ ಚಾಚಿದ ಕಂಬದ ತುದಿಗೆ
ನನ್ನ ಹಳೇ ಇಳಕಲ್ ಸೀರಿಯ ಕೆಂಪು ಸೆರಗು.
ಚೂರಲ್ಲ, ಇಡೀ ಸೆರಗು. ಕಾಣಬೇಕಲ್ಲ.

ಇವತ್ತ ಡೋಣಿಯಾಗ ಮದುವಿ.
"ಇಳಕಲದಾಗ ಮೊದಲ ಗೇರ್ ಇಳಿಸು, ಆಮ್ಯಾಲೆ ಇಳಿ.
ನ್ಯೂಟ್ರಲ್ ಮಾಡಿ ಡೀಸಲ್ ಉಳಸಿದಾವರ ಮನಿಗೆ
ನಾವ ಕುರ್ಚಿ ಒಯ್ದೇವಿ, ನೆನಪೈತಿಲ್ಲ?
ಎರಡೂ ಬ್ರೇಕು ಕೂಡಿಸಿ ಕೊಂಡಿ ಹಾಕು.
ಮಡ್‌ಗಾರ್ಡಿನ ಮ್ಯಾಲೆ ಯಾರನೂ ಕುಂದರಸಬ್ಯಾಡ."
ಹೇಳಿದಾಂವ ಮಡ್‌ಗಾರ್ಡಿನ ಮ್ಯಾಲೇ ಕುಂತಿದ್ದ.
ನಾ ಎಂಜಿನ್ ಬಂದ್ ಮಾಡಿ ಸುಮ್ಮನಾದೆ.
ಒಂದು ಗಳಿಗಿ.
ನಕ್ಕ. ಬಡಿಗಿ ಊರಿ ಇಳದ.

ಕಪ್ಪತಗುಡ್ಡದ ಮ್ಯಾಲೆ ಗಾಳಿಯಂತ್ರ ತಿರಗತಿದ್ದವು,
ಅವಕ್ಕೇನು, ನಿಂತಲ್ಲೇ ತಿರಗೂದು.
ಇಳಕಲದಾಗ ಮುನ್ನೂರು ಕುರ್ಚಿ
ಬೆನ್ನಿಗೆ ಕೈಯಿಟ್ಟು ದಬ್ಬಿದವು,
ಎಂಜಿನ್ ಬ್ಯಾಡ ಬ್ಯಾಡ ಅಂತ ಗೊಣಗಿತು,
ಕನ್ನಡಿಯಾಗ ಸೆರಗು ಹಾರತಿತ್ತು.

ಮದುವಿ ಮನಿ ಓಣಿ ಸಣ್ಣದು. ಹಿಂದಕ್ಕೇ ಹೋಗಬೇಕು.
ಬೀಗರು, ಹುಡುಗರು, ಬ್ಯಾಂಡಿನವರು, ಎಲ್ಲಾ ಬಂದು ನಿಂತರು.
"ಕೊಡ ಯಕ್ಕಾ, ನಾ ಹಚ್ಚತೀನಿ" ಅಂದ ಒಬ್ಬ.
ಮುಂದಕ ಹೋದೆ. ನೆಟ್ಟಗ ಮಾಡಿದೆ. ಮತ್ತ ಬಂದೆ.

ಸಂಜೀಕ ಫೋನಿನಾಗ ಅಂವ ಕೇಳಿದ್ದು ಒಂದೇ:
"ಎಷ್ಟು ಸಲ ಮುಂದಕ ಹೋದಿ?"
"ನಾಕು."
"ಛಲೋ ಆತು. ನಾ ಮೊದಲನೇ ಸಲ
ಒಮ್ಮೀನೂ ಹೋಗಲಿಲ್ಲ,
ಸೀದಾ ಬೀಗರ ಗ್ವಾಡಿಗೇ ಹೋದೆ."